ಎರಡಡಿ ರಣರಂಗಕ್ಕೆ ಹದಿನಾಲ್ಕು ಸೂತ್ರ

ನಾಟಿಂಗ್‌ಹ್ಯಾಮ್‌ಗೆ ಬಂದ ಮೊದಲ ಚಳಿಗಾಲ. ಸಂಜೆ ನಾಲ್ಕಕ್ಕೇ ಕತ್ತಲು, ಮಾತಾಡಿಸಲು ಜನವಿಲ್ಲ. ಆಫೀಸಿನಿಂದ ಮನೆಗೆ ನಡೆಯುವ ದಾರಿಯಲ್ಲಿ ಒಂದು ಚರ್ಚಿನ ಸಭಾಂಗಣ. ಮಂಗಳವಾರ ಮಾತ್ರ ಅದರ ಕಿಟಕಿಗಳಲ್ಲಿ ಬೆಳಕು. ಒಂದು ದಿನ ಇಣುಕಿ ನೋಡಿದೆ. ಹತ್ತು ಹದಿನೈದು ಜನ, ಹೆಚ್ಚಿನವರದು ನರೆತ ತಲೆ, ಹಸಿರು ಬಟ್ಟೆ ಹಾಸಿದ ಮೇಜುಗಳ ಸುತ್ತ ಬಗ್ಗಿ ನಿಂತು ಹೆಬ್ಬೆರಳ ಉಗುರಿನಷ್ಟೆತ್ತರದ ಸೈನಿಕರನ್ನು ಸರಿಸುತ್ತಿದ್ದರು. ಒಂದು ಮೇಜಿನ ಮೇಲೆ ಆನೆಗಳಿದ್ದವು. ಮೈಸೂರಿನವನು ಆನೆ ಕಂಡ ಮೇಲೆ ಹಾಗೇ ಮುಂದೆ ಹೋಗುವುದುಂಟೆ?

ಒಂಬತ್ತು ವರ್ಷವಾಯಿತು. ಸೋತ ಆಟಗಳ ಲೆಕ್ಕ ಬಿಟ್ಟಿದ್ದೇನೆ. ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳನ್ನು ಪುಟ್ಟ ಗೊಂಬೆಗಳಲ್ಲಿ ಆಡುವ ಈ ಹವ್ಯಾಸದಲ್ಲಿ ಯಶಸ್ಸಿನ ಅಳತೆಯೇ ಬೇರೆ. ಮೊಬೈಲ್ ಆಟದ ಹಾಗೆ ಇಲ್ಲಿ ಎದುರಾಳಿ ಬೆರಳೊತ್ತಿದರೆ ಸಿಗುವುದಿಲ್ಲ. ಮಳೆಯಲ್ಲಿ ನೆನೆದು, ಎರಡು ಬಸ್ಸು ಬದಲಿಸಿ, ಕಂಕುಳಲ್ಲಿ ಡಬ್ಬಿ ಅವುಚಿಕೊಂಡು ಬರಬೇಕು. ಅವರು ಮುಂದಿನ ವಾರವೂ ನಿಮ್ಮ ಮೇಜಿಗೇ ಬಂದರೆ ನೀವು ಗೆದ್ದಿರಿ. ಕೆಳಗಿನ ಸೂತ್ರಗಳು ಆ ಲೆಕ್ಕದವು. ಮೇಜಿನ ಮೇಲೆ ಗೆಲ್ಲುವ ಉಪಾಯಗಳೂ ನಡುವೆ ಇವೆ. ಸದಾ ಸೋಲುವವನ ಜೊತೆ ಆಡುವುದೂ ಬೇಸರವೇ.

1. ಮೊದಲ ದಿನ ಬರಿಗೈಯಲ್ಲಿ ಹೋಗಿ

ಹೊಸಬರ ಮೊದಲ ತಪ್ಪು ಅಂಗಡಿಗೆ ಓಡುವುದು. ನಾಟಿಂಗ್‌ಹ್ಯಾಮ್‌ನಲ್ಲಿ ಆ ಅಪಾಯ ಇನ್ನೂ ಹೆಚ್ಚು. ಗೇಮ್ಸ್ ವರ್ಕ್‌ಶಾಪ್, ವಾರ್‌ಲಾರ್ಡ್ ಗೇಮ್ಸ್, ಪೆರ್ರಿ ಮಿನಿಯೇಚರ್ಸ್ ಎಲ್ಲವೂ ಈ ಊರಿನವೇ. ಗೊಂಬೆ ಸೈನಿಕರ ಚನ್ನಪಟ್ಟಣ ಇದು. ಕಿಟಕಿಯಲ್ಲಿ ಇಣುಕಿದ ಮರುವಾರವೇ ನಾನು ಮೂರು ಪೆಟ್ಟಿಗೆ ರೋಮನ್ನರನ್ನು ಹೊತ್ತುಕೊಂಡೇ ಹೋದೆ. ಅವರೆಲ್ಲ 28 ಮಿಲಿಮೀಟರ್ ಅಳತೆಯವರು. ಗುಂಪಿನವರು ಆಡುತ್ತಿದ್ದದ್ದು 15 ಮಿಲಿಮೀಟರಿನಲ್ಲಿ. ನನ್ನ ರೋಮನ್ನರು ಅವರ ಗಾಲ್ ಸೈನಿಕರ ಮುಂದೆ ಘಟೋತ್ಕಚರಂತೆ ನಿಂತರು. ಯಾರೂ ನಗಲಿಲ್ಲ. ಒಬ್ಬರು ಸುಮ್ಮನೆ ಎರವಲು ಸೈನ್ಯವೊಂದನ್ನು ನನ್ನ ಮುಂದಿಟ್ಟರು. ಪ್ರತಿ ಗುಂಪಿನಲ್ಲೂ ಇಂಥ ಎರವಲು ದಂಡು ಇದ್ದೇ ಇರುತ್ತದೆ. ಎರಡು ವಾರ ಅದರಲ್ಲೇ ಆಡಿ, ಆಮೇಲೆ ಪರ್ಸು ತೆಗೆಯಿರಿ.

2. ಊರು ಆಡುವ ನಿಯಮವನ್ನೇ ಆಡಿ

ನಿಯಮಪುಸ್ತಕಗಳು ಬೇಕಾದಷ್ಟಿವೆ. ದೊಡ್ಡ ಮೇಜು ತುಂಬ ಸೈನಿಕರನ್ನು ಬಯಸುವ 'ಹೇಲ್ ಸೀಸರ್', ಸಣ್ಣ ವೈಕಿಂಗ್ ದಂಡಿನಲ್ಲೇ ಮುಗಿಯುವ 'ಸಾಗಾ', ಮಧ್ಯಯುಗದ ಸಣ್ಣಪುಟ್ಟ ಕಾದಾಟಗಳ 'ಲಯನ್ ರ‍್ಯಾಂಪಂಟ್', ಹೀಗೆ. ಯಾವುದು ಶ್ರೇಷ್ಠ ಎಂಬ ವಾದ ಮಸಾಲೆ ದೋಸೆ ಯಾವ ಹೋಟೆಲಿನಲ್ಲಿ ಚೆನ್ನ ಎಂಬ ವಾದದಂತೆಯೇ. ಮುಗಿಯುವುದಿಲ್ಲ, ಮುಗಿಸುವ ಆಸೆ ಯಾರಿಗೂ ಇಲ್ಲ.

ನಮ್ಮ ಗುಂಪಿನ ಅನ್ನಸಾರು ಎಂದರೆ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್', ಚಿಕ್ಕದಾಗಿ ಡಿಬಿಎ. ಫಿಲ್ ಬಾರ್ಕರ್ ಮತ್ತು ಸಂಗಡಿಗರು 1990ರಲ್ಲಿ ತಂದದ್ದು. ಎರಡಡಿ ಚದರದ ಮೈದಾನ, ಒಬ್ಬೊಬ್ಬರಿಗೆ ಹನ್ನೆರಡು ತುಕಡಿ. ಎದುರಾಳಿಗಿಂತ ಹೆಚ್ಚು ಕಳೆದುಕೊಂಡು ನಾಲ್ಕು ತುಕಡಿ ಹೋದರೆ ಸೋಲು. ಒಂದು ಗಂಟೆಯೊಳಗೆ ಆಟ ಮುಗಿದು ಚಹಾಕ್ಕೂ ಸಮಯ ಉಳಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ, ಅದರ ಇಂಗ್ಲಿಷ್ ಗದ್ಯ ಹಳೆಯ ಕಂದಾಯ ದಾಖಲೆಯಷ್ಟೇ ಬಿಗಿಯಾಗಿದ್ದರೂ. ಪುಸ್ತಕ ಓದಿ ಕಲಿಯಲು ಹೋಗಬೇಡಿ. ಆಡಿ ಕಲಿತು, ಆಮೇಲೆ ಓದಿ.

3. ಒಂದಲ್ಲ, ಜೋಡಿ ಸೈನ್ಯ ಕಟ್ಟಿ

ಡಿಬಿಎ ಸೈನ್ಯಕ್ಕೆ ಹೆಚ್ಚುಕಡಿಮೆ ನಲವತ್ತು ಗೊಂಬೆ ಸಾಕು. ಹಾಗಾಗಿ ಒಂದರ ಬದಲು ಎರಡು ಕಟ್ಟುವುದು ಕಷ್ಟವಲ್ಲ. ಇತಿಹಾಸದಲ್ಲಿ ನಿಜಕ್ಕೂ ಕಾದಾಡಿದ ಜೋಡಿಯಾಗಿರಲಿ: ರೋಮ್ ಮತ್ತು ಕಾರ್ಥೇಜ್, ಹೇಸ್ಟಿಂಗ್ಸ್‌ನ ಸ್ಯಾಕ್ಸನ್ನರು ಮತ್ತು ನಾರ್ಮನ್ನರು. ಜೋಡಿ ಇದ್ದವರ ಡಬ್ಬಿಯಲ್ಲಿ ಒಂದು ಪೂರ್ತಿ ಆಟವೇ ಇರುತ್ತದೆ. ಮುಂದಿನ ಚಳಿಗಾಲದಲ್ಲಿ ಇನ್ನೊಬ್ಬರು ಕಿಟಕಿಯಿಂದ ಇಣುಕಿದಾಗ ಎರವಲು ಕೊಡುವ ಸರದಿ ನಿಮ್ಮದು.

4. ಗೆಲ್ಲುವ ಸೈನ್ಯ ಬೇಡ, ಮನಸ್ಸಿಗೆ ಹತ್ತಿದ ಸೈನ್ಯ ಆರಿಸಿ

ಇದು ಎಲ್ಲ ಸೂತ್ರಗಳಿಗಿಂತ ಮುಖ್ಯ. ನಲವತ್ತು ಗೊಂಬೆಗಳಿಗೆ ರಾತ್ರಿಯೆಲ್ಲ ಬಣ್ಣ ಬಳಿಯಬೇಕಾದವರು ನೀವು. ಪ್ರೀತಿ ಇಲ್ಲದಿದ್ದರೆ ಹತ್ತನೆಯದಕ್ಕೆ ಕುಂಚ ಕೆಳಗಿಡುತ್ತೀರಿ.

ನಾನು ಆರಿಸಿದ್ದು ಪೋರಸ್‌ನ ಸೈನ್ಯ, ಕ್ರಿ.ಪೂ. 326ರಲ್ಲಿ ಝೇಲಂ ದಡದಲ್ಲಿ ಅಲೆಕ್ಸಾಂಡರನನ್ನು ತಡೆದು ನಿಂತದ್ದು. ಕಾರಣ ಹೇಳಬೇಕಿಲ್ಲ: ಆನೆ. ಗ್ರೀಕ್ ಲೇಖಕ ಆರಿಯನ್ನನ ಲೆಕ್ಕದಲ್ಲಿ ಪೋರಸ್ ಬಳಿ ಇನ್ನೂರು ಆನೆ, ಮುನ್ನೂರು ರಥ, ನಾಲ್ಕು ಸಾವಿರ ಕುದುರೆ, ಮೂವತ್ತು ಸಾವಿರ ಕಾಲಾಳು. ಚತುರಂಗ ಬಲವೆಂದು ಅಜ್ಜಿ ಕತೆಯಲ್ಲಿ ಕೇಳಿದ್ದು ಇಲ್ಲಿ ನಲವತ್ತು ಮಿಲಿಮೀಟರ್ ಅಗಲದ ಬೇಸುಗಳ, ಅಂದರೆ ಗೊಂಬೆ ಅಂಟಿಸುವ ಪೀಠಗಳ ಮೇಲೆ ಸಾಲಾಗಿ ನಿಲ್ಲುತ್ತದೆ.

ಮೇಜಿನ ಮೇಲೆ ಈ ಸೈನ್ಯ ಲಾಭದ ವ್ಯಾಪಾರವಲ್ಲ. ಆನೆ ಎದುರಿಗೆ ಬಂದರೆ ಕುದುರೆ ಸವಾರರು ಕಂಗಾಲು, ಅದು ಸರಿ. ಆದರೆ ಎಸೆಯುವ ಈಟಿ ಹಿಡಿದು ಓಡಾಡುವ ಹಗುರ ಕಾಲಾಳುಗಳು ಸುತ್ತುವರಿದರೆ ಅದೇ ಆನೆ ಗೋಳು. ಝೇಲಂನಲ್ಲೂ ಮೆಸಿಡೋನಿಯನ್ನರು ಮಾವುತರಿಗೇ ಗುರಿಯಿಟ್ಟರು. ಗಾಯಗೊಂಡ ಆನೆಗಳು ತಮ್ಮವರನ್ನೂ ತುಳಿದವು. ಹೀಗೆಲ್ಲ ಗೊತ್ತಿದ್ದೂ ನಾನು ಆನೆಗಳನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸುತ್ತೇನೆ. ಸೋತರೂ ಸೊಗಸಾಗಿ ಸೋಲುವ ಸೈನ್ಯವದು, ಮತ್ತು ಎದುರಾಳಿಗಳಿಗೆ ಆನೆ ಹೊಡೆಯುವುದೆಂದರೆ ಹಬ್ಬ. ಆಡಲು ಜನ ಹುಡುಕುವ ಕಷ್ಟ ನನಗೆ ಬಂದೇ ಇಲ್ಲ.

5. ಬಣ್ಣವನ್ನು ಮೂರಡಿ ದೂರದಿಂದ ನೋಡಿ

ಹೊಸಬರು ಸೋಲುವುದು ರಣರಂಗದಲ್ಲಲ್ಲ, ಬಣ್ಣದ ಮೇಜಿನಲ್ಲಿ. ಒಂದು ಗೊಂಬೆಯ ಹುಬ್ಬಿಗೆ ಒಂದು ಸಂಜೆ ಸುರಿಯುತ್ತಾರೆ. ಉಳಿದ ಮೂವತ್ತೊಂಬತ್ತು ಸೀಸದ ಬಣ್ಣದಲ್ಲೇ ವರ್ಷ ಕಳೆಯುತ್ತವೆ. ಆಡುವಾಗ ಗೊಂಬೆಗೂ ಕಣ್ಣಿಗೂ ನಡುವೆ ಮೂರಡಿ ಇರುತ್ತದೆ. ಆ ದೂರಕ್ಕೆ ಚೆನ್ನಾಗಿ ಕಂಡರೆ ಸಾಕು.

ನಾನು ಮಾಡುವುದು ಹೀಗೆ. ಹನ್ನೆರಡು ಗೊಂಬೆಗಳನ್ನು ಐಸ್‌ಕ್ರೀಂ ಕಡ್ಡಿಗಳಿಗೆ ಅಂಟಿಸಿ ಸಾಲಾಗಿ ಇಡುತ್ತೇನೆ. ಪ್ರೈಮರ್ ಸಿಂಪಡಿಸಿ, ಮೊದಲು ಎಲ್ಲರ ಮೈಬಣ್ಣ, ಆಮೇಲೆ ಎಲ್ಲರ ಬಟ್ಟೆ, ಆಮೇಲೆ ಎಲ್ಲರ ಗುರಾಣಿ. ಕೊನೆಗೆ ನೀರಿನಂಥ ಕಂದು ವಾಷ್ ಹಚ್ಚಿದರೆ ಅದು ಮಡಿಕೆಗಳಿಗೆ ಇಳಿದು ನೆರಳನ್ನು ತಾನೇ ಬರೆಯುತ್ತದೆ. ಮೇಲೆ ವಾರ್ನಿಶ್ ಮರೆಯಬೇಡಿ. ಕಣ್ಣು ಮೊದಲು ಹೋಗುವುದು ಮುಖ, ಗುರಾಣಿ, ಬೇಸು ಈ ಮೂರಕ್ಕೆ. ಬೇಸಿಗೆ ಮರಳು, ಕೃತಕ ಹುಲ್ಲು ಅಂಟಿಸಿದರೆ ಸಾಧಾರಣ ಬಣ್ಣವೂ ಎದ್ದು ಕಾಣುತ್ತದೆ.

ಆದರೂ ಒಂದೇ ಒಂದು ವಿವರಕ್ಕೆ ಹಟ ಮಾಡಿ. ನನ್ನ ಹಟ ಗಡ್ಡದ್ದು. ಭಾರತದವರು ಗಡ್ಡಕ್ಕೆ ಬಿಳಿ, ನೀಲಿ, ಕೆಂಪು, ನೇರಳೆ, ಹಸಿರು ಬಣ್ಣ ಹಾಕುತ್ತಾರೆಂದು ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಹೇಳಿದ್ದನ್ನು ಆರಿಯನ್ ಬರೆದಿಟ್ಟಿದ್ದಾನೆ. ಆಳೆತ್ತರದ ಬಿಲ್ಲನ್ನು ನೆಲಕ್ಕೂರಿ, ಎಡಗಾಲಲ್ಲಿ ಒತ್ತಿ ಎಳೆಯುತ್ತಾರೆಂದೂ ಅವನೇ ಹೇಳುತ್ತಾನೆ. ಹಾಗಾಗಿ ನನ್ನ ಬಿಲ್ಲುಗಾರರೆಲ್ಲ ಬಿಳಿ ಹತ್ತಿಬಟ್ಟೆಯವರು, ಗಡ್ಡ ಮಾತ್ರ ಹೋಳಿ ಹುಣ್ಣಿಮೆ. ಮೊದಲ ಸಲ ನೋಡಿದವರು ಬಗ್ಗಿ ಕೇಳುತ್ತಾರೆ, ಮಾತು ಶುರುವಾಗುತ್ತದೆ.

ವಿಡಿಯೊ ಕರೆಯಲ್ಲಿ ಈ ಸಾಲನ್ನು ಕಂಡ ಅಮ್ಮ ಕೇಳಿದ್ದು ಬೇರೆಯೇ: "ಏನೋ ಇದು, ದಸರಾ ಮುಗಿದು ಎರಡು ತಿಂಗಳಾಯ್ತು, ಈಗ ಗೊಂಬೆ ಕೂರಿಸ್ತಿದ್ದೀಯಾ? ಅದೂ ಪಟ್ಟದ ಗೊಂಬೆ ಇಲ್ದೆ?"

6. ಈಟಿ ಹಿಡಿದು ಎತ್ತಬೇಡಿ

ಬೇಸನ್ನು ಹಿಡಿಯಿರಿ. ಬೇರೆಯವರ ಸೈನ್ಯವಾದರೆ ಕೇಳಿ ಹಿಡಿಯಿರಿ. ಬೇಸಿನ ತಳಕ್ಕೆ ಆಯಸ್ಕಾಂತದ ಹಾಳೆ ಅಂಟಿಸಿ, ಖಾಲಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ನಿಲ್ಲಿಸಿದರೆ ಬಸ್ಸು ಎಷ್ಟು ಕುಲುಕಿದರೂ ದಂಡು ಅಲುಗದು.

7. ಸಾಲು ಒಡೆಯಬೇಡಿ

ಈಗ ಮೇಜಿನ ಮೇಲಿನ ಮಾತು. ಡಿಬಿಎಯಲ್ಲಿ ಪ್ರತಿ ಸರದಿಗೆ ನೀವು ಒಂದು ದಾಳ ಉರುಳಿಸುತ್ತೀರಿ. ನಾಲ್ಕು ಬಿದ್ದರೆ ನಾಲ್ಕು ಆಜ್ಞೆ, ಒಂದು ಬಿದ್ದರೆ ಒಂದೇ. ಒಂದು ಆಜ್ಞೆಗೆ ಒಂಟಿ ತುಕಡಿಯೊಂದು ಕದಲುತ್ತದೆ, ಇಲ್ಲವೇ ಭುಜಕ್ಕೆ ಭುಜ ಕೊಟ್ಟು ನಿಂತ ಇಡೀ ಸಾಲು. ಚೌಕಾಬಾರ ಆಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ: ಗರ ಬೀಳದಾಗಲೂ ಆಟ ಸಾಗುವಂತೆ ಕಾಯಿ ಇಟ್ಟುಕೊಂಡವನೇ ಜಾಣ. ಹನ್ನೆರಡು ತುಕಡಿಗಳನ್ನು ಹನ್ನೆರಡು ದಿಕ್ಕಿಗೆ ಚೆಲ್ಲಿದವರು ಒಂದು ಬಿದ್ದ ದಿನ ಅಲ್ಲೇ ಕಲ್ಲಾಗುತ್ತಾರೆ.

ಎರಡು ಗುಂಪು, ಹೆಚ್ಚೆಂದರೆ ಮೂರು. ಪಕ್ಕದಲ್ಲಿ ಹಗುರ ಕುದುರೆಗಳಿಗೆ ಮಾತ್ರ ಸ್ವಲ್ಪ ಸ್ವಾತಂತ್ರ್ಯ ಕೊಡಿ.

8. ಮಗ್ಗುಲು ಹಿಡಿದು ಹೊಡೆಯಿರಿ

ಕಾದಾಟಕ್ಕೆ ಇಬ್ಬರೂ ಒಂದೊಂದು ದಾಳ ಉರುಳಿಸಿ, ತಮ್ಮ ತುಕಡಿಯ ಬಲದ ಅಂಕ ಕೂಡಿಸುತ್ತಾರೆ. ಹೆಚ್ಚು ಬಂದವರು ಗೆದ್ದರು. ಎದುರಾಳಿಯ ಎರಡರಷ್ಟು ಬಂದರೆ ಸಾಮಾನ್ಯವಾಗಿ ಆ ತುಕಡಿಯೇ ಹೋಯಿತು. ನಿಮ್ಮದು ಒಂದಂಕ ಹೆಚ್ಚಿದ್ದರೆ 36 ಸಾಧ್ಯತೆಗಳಲ್ಲಿ 21 ಗೆಲುವು, 5 ಸಮ, 10 ಸೋಲು. ಸುಮಾರು ಅನುಕೂಲ, ನಂಬುವಂಥದ್ದಲ್ಲ. ಈಗ ಶತ್ರುವಿನ ಎರಡೂ ಮಗ್ಗುಲಲ್ಲಿ ನಿಮ್ಮ ತುಕಡಿಗಳು ಚಾಚಿ ನಿಲ್ಲಲಿ. ಮಗ್ಗುಲಿಗೊಂದರಂತೆ ಅವರ ಎರಡಂಕ ಕಡಿತ, ನಿಮ್ಮ ಅಂತರ ಮೂರು. 36ರಲ್ಲಿ 30 ಗೆಲುವು, 3 ಸಮ, ಸೋಲು ಮೂರೇ ಮೂರು. ದಾಳ ಅದೇ, ಕೈ ಅದೇ. ಬದಲಾದದ್ದು ಪಕ್ಕದಲ್ಲಿ ಯಾರಿದ್ದಾರೆ ಎಂಬುದಷ್ಟೆ.

ಕ್ರಿ.ಪೂ. 216ರ ಕ್ಯಾನೆ ಯುದ್ಧ ಇದೇ ಪಾಠದ ದೊಡ್ಡ ರೂಪ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್‌ನ ಪ್ರಕಾರ ರೋಮ್‌ನ ಕಾಲಾಳು ಎಂಬತ್ತು ಸಾವಿರ, ಕಾರ್ಥೇಜಿನ ಹ್ಯಾನಿಬಾಲ್‌ನದು ನಲವತ್ತು ಸಾವಿರ. ಹ್ಯಾನಿಬಾಲ್ ನಡುವಿನ ಸಾಲು ಹಿಂದೆ ಬಾಗುವಂತೆ ಬಿಟ್ಟ. ಒಳನುಗ್ಗಿದ ರೋಮನ್ನರ ಎರಡೂ ಪಕ್ಕೆಗೆ ಆಫ್ರಿಕದ ಕಾಲಾಳುಗಳು ತಿರುಗಿ ನಿಂತರು, ಬೆನ್ನ ಹಿಂದೆ ಕುದುರೆ ದಂಡು ಬಂತು. ಇದನ್ನು ಓದಿದ ಹುರುಪಿನಲ್ಲಿ ಪ್ರತಿಯೊಬ್ಬ ಹೊಸಬನೂ ಒಂದು ಕ್ಯಾನೆ ಮಾಡಲು ಹೊರಡುತ್ತಾನೆ. ನಾನೂ ಹೊರಟೆ. ನಡುವಿನ ಸಾಲು ಹೇಳಿದಂತೆ ಬಾಗಿತು, ಬಾಗಿ ಮುರಿಯಿತು. ಪಕ್ಕೆಯವರು ತಿರುಗುವ ಹೊತ್ತಿಗೆ ನನ್ನ ದಾಳದಲ್ಲಿ ಒಂದು ಬಿತ್ತು.

9. ನೆಲವನ್ನು ಓದಿ

ಡಿಬಿಎಯಲ್ಲಿ ದಾಳಿಗೊಳಗಾದವರೇ ಬೆಟ್ಟ, ಕಾಡು, ಹೊಳೆ ಜೋಡಿಸುತ್ತಾರೆ. ಉದ್ದ ಭರ್ಜಿಯ ದಂಡು, ಭಾರದ ಕುದುರೆಗಳ ದಂಡು ಎದುರಿದ್ದರೆ ಕಾಡನ್ನು ನಡುವಿಗೇ ತನ್ನಿ. ಅವಕ್ಕೆ ಬಯಲು ಬೇಕು. ನಿಮ್ಮದೇ ಅಂಥ ದಂಡಾದರೆ ಕಾಡು ಮೂಲೆ ಸೇರಲಿ. 1415ರ ಆಜಿನ್‌ಕೋರ್ಟ್‌ನಲ್ಲಿ ಫ್ರೆಂಚ್ ಸರದಾರರನ್ನು ಇಂಗ್ಲಿಷ್ ಬಿಲ್ಲುಗಳಷ್ಟೇ ಕೆಸರೂ ಎರಡು ಕಾಡುಗಳ ನಡುವಿನ ಇಕ್ಕಟ್ಟೂ ಹಣ್ಣು ಮಾಡಿದವು. ಪೋರಸ್‌ನ ರಥಗಳು ಮಳೆಯ ರಾಡಿಯಲ್ಲಿ ಹೂತವೆಂದು ರೋಮನ್ ಇತಿಹಾಸಕಾರ ಕರ್ಟಿಯಸ್ ಬರೆಯುತ್ತಾನೆ. ಹಾಗಾಗಿ ನನ್ನ ರಥಗಳಿಗೆ ನಾನು ಹಟ ಹಿಡಿದು ಬಯಲು ಹುಡುಕುತ್ತೇನೆ.

10. ದಂಡನಾಯಕನನ್ನು ಮೆರೆಸಬೇಡಿ

ದಂಡನಾಯಕನಿರುವ ತುಕಡಿಗೆ ಒಂದಂಕ ಹೆಚ್ಚು ಬಲ. ಆ ಆಸೆಗೆ ಅವನನ್ನು ಮುಂದಕ್ಕೆ ನೂಕುವವರೇ ಹೆಚ್ಚು. ಅವನು ಹೋದರೆ ಸಾಮಾನ್ಯವಾಗಿ ಆಟವೂ ಹೋಯಿತು. ನಿಯಮ ಬರೆದವರ ಕ್ರೌರ್ಯವಲ್ಲ ಇದು, ಇತಿಹಾಸವೇ ಹಾಗಿದೆ. 949ರ ತಕ್ಕೋಲದಲ್ಲಿ ರಾಷ್ಟ್ರಕೂಟರ ಪರ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ, ಚೋಳರ ದಂಡು ಸೋತಿತು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಆ ಸುದ್ದಿ ಹೇಳುತ್ತದೆ. ಅದೇ ಕಲ್ಲು ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ನಾಯಿಗೂ ಸ್ಮಾರಕ. 1565ರಲ್ಲಿ ರಾಮರಾಯ ಸೆರೆಸಿಕ್ಕು ತಲೆ ಹೋದ ಮೇಲೆ ವಿಜಯನಗರದ ಅಷ್ಟು ದೊಡ್ಡ ಸೈನ್ಯ ನಿಲ್ಲಲಿಲ್ಲ. ಈ ಎರಡು ಕತೆಗಳನ್ನು ಗುಂಪಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳಿ ಮುಗಿಸಿ ಪೋರಸ್‌ನ ಆನೆಯನ್ನು ಮುಂದಕ್ಕೆ ತಳ್ಳಿದ್ದೇನೆ.

11. ಅಳೆಯುವ ಮುನ್ನ ಬಾಯಿಬಿಟ್ಟು ಹೇಳಿ

"ಈ ಕುದುರೆಗಳನ್ನು ನಿಮ್ಮ ಬಿಲ್ಲುಗಾರರ ಬಾಣ ತಾಗುವಷ್ಟು ಹತ್ತಿರ ಇಡುತ್ತಿಲ್ಲ, ಒಪ್ಪಿದಿರಾ?" ಎಂದು ಮೊದಲೇ ಕೇಳಿಬಿಡಿ. ಅರ್ಧ ಜಗಳ ಅಲ್ಲೇ ಸಾಯುತ್ತದೆ. ನೀವು ಏನು ಮಾಡಹೊರಟಿದ್ದೀರೆಂದು ಎದುರಾಳಿಗೆ ಗೊತ್ತಿದ್ದರೆ, ಒಂದು ಮಿಲಿಮೀಟರ್ ಆಚೀಚೆ ಆದಾಗ ಅವರೇ ಸರಿಪಡಿಸಿಕೊಡುತ್ತಾರೆ. ವಾರೆ ನಿಂತ ದಾಳ, ಮೇಜಿನಿಂದ ಕೆಳಗೆ ಬಿದ್ದ ದಾಳ ಲೆಕ್ಕಕ್ಕಿಲ್ಲ ಎಂದು ಆಟಕ್ಕೆ ಮೊದಲೇ ಮಾತಾಡಿಕೊಳ್ಳಿ. ಬಿದ್ದ ಮೇಲೆ ಮಾತಾಡಿದರೆ ಅದು ಬೇರೆ ಮಾತಾಗುತ್ತದೆ.

12. ನಿಯಮದ ಜಗಳಕ್ಕೆ ಎರಡೇ ನಿಮಿಷ

ಪುಸ್ತಕದಲ್ಲಿ ಸಿಗಲಿಲ್ಲವೇ? ಸಮವೋ ಬೆಸವೋ, ಒಂದು ದಾಳ ಉರುಳಿಸಿ ಮುಂದೆ ಸಾಗಿ. ಮನೆಗೆ ಹೋಗಿ ಹುಡುಕಿದಾಗ ನಿಮ್ಮದೇ ತಪ್ಪಾಗಿದ್ದರೆ ಮುಂದಿನ ವಾರ ಎಲ್ಲರೆದುರು ಹೇಳಿ. ಅವರ ತಪ್ಪಾಗಿದ್ದರೆ ಮೆಲ್ಲಗೆ, ಚಹಾ ಕುಡಿಯುವಾಗ. ದಾಳವನ್ನು ಶಪಿಸುವುದೂ ಬೇಡ. "ನನ್ನ ಗ್ರಹಚಾರ" ಎಂದಾಗಲೆಲ್ಲ "ನಿನ್ನ ಗೆಲುವು ಬರೀ ಅದೃಷ್ಟ" ಎಂದೇ ಎದುರಿನವರಿಗೆ ಕೇಳಿಸುತ್ತದೆ.

13. ಓದಿ, ಉಪನ್ಯಾಸ ಕೊಡಬೇಡಿ

ಈ ಹವ್ಯಾಸಕ್ಕೆ ಗಟ್ಟಿ ಪರಂಪರೆಯಿದೆ. ಎಚ್. ಜಿ. ವೆಲ್ಸ್ 1913ರಲ್ಲೇ ಗೊಂಬೆ ಸೈನಿಕರ ಯುದ್ಧಕ್ಕೆ ನಿಯಮಪುಸ್ತಕ ಬರೆದ. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ತಂದ ಪುಸ್ತಕದಲ್ಲಿ ಪ್ರಾಚೀನ ಯುದ್ಧಗಳಿಗೆ ಟೋನಿ ಬಾತ್ ಬರೆದ ನಿಯಮಗಳಿದ್ದವು. ಅದೇ ಬಾತ್ 1965ರಲ್ಲಿ ಸೊಸೈಟಿ ಆಫ್ ಏನ್ಶಿಯಂಟ್ಸ್ ಕಟ್ಟಿದರು. ಅದರ ಪತ್ರಿಕೆಯ ಹೆಸರು 'ಸ್ಲಿಂಗ್‌ಶಾಟ್', ನಮ್ಮ ಮಾತಿನಲ್ಲಿ ಕವಣೆ. ಅದರಲ್ಲಿ ಗುರಾಣಿಯ ಬಣ್ಣದಿಂದ ಹಿಡಿದು ಎಲ್ಲವನ್ನೂ ಪುಟಗಟ್ಟಲೆ ಚರ್ಚಿಸುವವರಿದ್ದಾರೆ. ಓದಿದಷ್ಟೂ ಆಟಕ್ಕೆ ರುಚಿ. ನಮ್ಮ ಗುಂಪಿನ ನಿವೃತ್ತ ಬಸ್ ಚಾಲಕರೊಬ್ಬರು ಆರಿಯನ್ನನನ್ನು ನನಗಿಂತ ಚೆನ್ನಾಗಿ ಬಲ್ಲರು. ಆದರೆ ಯಾರಾದರೂ ಕೇಳುವ ತನಕ ಒಂದು ಮಾತಾಡುವುದಿಲ್ಲ. ಎದುರಾಳಿಯ ಶಿರಸ್ತ್ರಾಣ ಐವತ್ತು ವರ್ಷ ಹಳೆಯ ಮಾದರಿಯೆಂದು ನಿಮಗೆ ಗೊತ್ತಿರಬಹುದು. ಹತ್ತು ಸಂಜೆ ಕೂತು ಬಣ್ಣ ಬಳಿದವರಿಗೆ ಅದನ್ನು ಹೇಳಬೇಡಿ.

ಇಲ್ಲೇ ಇನ್ನೊಂದು ಮಾತು. ನ್ಯೂವಾರ್ಕ್‌ನ ಪಾರ್ಟಿಜನ್, ಲಂಡನ್ನಿನ ಸಲ್ಯೂಟ್‌ನಂಥ ಮೇಳಗಳಿಗೆ ಚೀಟಿ ಬರೆದುಕೊಂಡೇ ಹೋಗಿ, ತರಕಾರಿ ಮಾರುಕಟ್ಟೆಗೆ ಹೋದಂತೆ. ಬಣ್ಣ ಕಾಣದೆ ಅಟ್ಟ ಸೇರಿದ ಗೊಂಬೆಗಳ ರಾಶಿಗೆ ಇಲ್ಲಿನವರು 'ಸೀಸದ ಬೆಟ್ಟ' ಎನ್ನುತ್ತಾರೆ. ನನ್ನದು ಸದ್ಯಕ್ಕೆ ಗುಡ್ಡ. ಆ ಮೂರು ಪೆಟ್ಟಿಗೆ ರೋಮನ್ನರೂ ಅದರ ಬುಡದಲ್ಲಿದ್ದಾರೆ.

14. ಕುರ್ಚಿ ಮಡಚಿ, ತಾರೀಖು ಕೇಳಿ

ಮೇಜು ಹಾಕುವಾಗ ಇದ್ದವರಿಗಿಂತ ಮಡಚುವಾಗ ಇದ್ದವರನ್ನು ಗುಂಪು ನೆನಪಿಡುತ್ತದೆ. ಸಭಾಂಗಣದ ಬಾಡಿಗೆಯ ಪಾಲನ್ನು ಕೇಳುವ ಮೊದಲೇ ಡಬ್ಬಿಗೆ ಹಾಕಿ. ಚಹಾ ಲೋಟವನ್ನು ರಣರಂಗದಿಂದ ದೂರ ಇಡಿ, ಚಿಪ್ಸ್ ತಿಂದ ಕೈ ತೊಳೆಯಿರಿ. ಗೆದ್ದಿದ್ದರೆ ಎದುರಾಳಿ ಚೆನ್ನಾಗಿ ಆಡಿದ ಒಂದು ನಡೆಯನ್ನು ಹೆಸರಿಸಿ ಹೇಳಿ. ಸೋತಿದ್ದರೆ ಎಲ್ಲಿ ಎಡವಿದೆನೆಂದು ಅವರನ್ನೇ ಕೇಳಿ. ಸಂತೋಷದಿಂದ ಹೇಳುತ್ತಾರೆ, ಬಸ್ ನಿಲ್ದಾಣದವರೆಗೂ ಹೇಳುತ್ತಾರೆ. ದೀಪ ಆರುವ ಮೊದಲು ಮುಂದಿನ ಆಟ ಗೊತ್ತುಮಾಡಿಕೊಳ್ಳಿ, ಯಾವ ಸೈನ್ಯ ತರಬೇಕೆಂಬುದರ ಸಮೇತ.

ನನ್ನದು ಗೊತ್ತಾಗಿದೆ. ಮುಂದಿನ ಮಂಗಳವಾರ ಏಳು ಗಂಟೆಗೆ, ಬಸ್ ಚಾಲಕರ ಮೆಸಿಡೋನಿಯನ್ನರ ವಿರುದ್ಧ ಮತ್ತೆ ಝೇಲಂ. ಕಳೆದ ವಾರ ಒಂದು ಆನೆಯ ದಂತ ಮುರಿದಿದೆ, ಅಂಟು ಹಾಕಿ ಕಿಟಕಿಯಲ್ಲಿಟ್ಟಿದ್ದೇನೆ. ಈ ಚಳಿಗೆ ಒಣಗಲು ಎರಡು ದಿನವಾದರೂ ಬೇಕು.